ಹಿರಾಕಸಕ್ಕೆ ಲಿಂಬಿರಸ

ಲೋಕದಲ್ಲಿ ಯಾವ ವಸ್ತುವೂ ತಾನಿದ್ದ ಬಣ್ಣದಲ್ಲಿ ಕೊನೆತನಕ ಉಳಿಯುವುದಿಲ್ಲ. ಮುಚ್ಚಳ ಬಿಗಿಯಾಗಿದ್ದರೆ ಕೆಲವು ಉಳಿಯುತ್ತವೆ, ಆ ಮಾತು ಬೇರೆ. ಮೊನ್ನೆ ಕಾಗವಾಡದ ಗೊಬ್ಬರದಂಗಡಿಯಲ್ಲಿ ಒಂದು ಹರಿದ ಚೀಲದ ಮುಂದೆ ನಿಂತಿದ್ದೆ. ಒಳಗೆ ಕಲ್ಲುಸಕ್ಕರೆಯಂಥ ತಿಳಿಹಸಿರು ಹರಳು. ಬಾಯಿಯ ಹತ್ತಿರ, ಗಾಳಿ ತಾಕಿದಲ್ಲಿ, ತುಕ್ಕಿನ ಬಣ್ಣದ ಪುಡಿ. ಹಿರಾಕಸ. ಪುಸ್ತಕದವರು ಅನ್ನಭೇದಿ ಎನ್ನುತ್ತಾರೆ. ಏನೆಂದರೂ ಕಬ್ಬಿಣದ ಉಪ್ಪು. ಹಿಂದಿನವರು ಅದಕ್ಕೆ ಅಳಲೆಕಾಯಿ ಕೂಡಿಸಿ ಕರೀ ಶಾಯಿ ಮಾಡುತ್ತಿದ್ದರಂತೆ. ನಮ್ಮ ಕಡೆ ದ್ರಾಕ್ಷಿಬಳ್ಳಿಗೆ ಹೊಡೆಯುತ್ತಾರೆ. ಮಳೆಯಲ್ಲಿ ನೆನೆದ ಬಾವಿಯ ಕಬ್ಬಿಣದ ಗಡಗಡಿಯಂಥ ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ಮಂಗಸೂಳಿಯ ನಮ್ಮ ಹಳೆಯ ಅಡುಗೆಮನೆ ಹೊಗೆ, ರೊಟ್ಟಿ, ಮಂದಿ ಸಮೇತ ಕಣ್ಣೆದುರು ಬಂದು ಕೂತಿತು.

ಆ ಮನೆಯಲ್ಲಿ ಅಪ್ಪ, ಅವ್ವ, ನಾನು. ಅಪ್ಪನ ತಮ್ಮ ಕಾಕಾ, ಅವನ ಹೆಂಡತಿ ಕಾಕು. ಎಲ್ಲರ ಮೇಲೆ ಆಯಿ, ಅಪ್ಪನ ತಾಯಿ. ದ್ರಾಕ್ಷಿ ತೋಟವನ್ನು ಅಣ್ಣತಮ್ಮ ಹಂಚಿಕೊಂಡಿದ್ದರು, ನಡುವೆ ಒಂದು ಕಾಲುದಾರಿ. ಒಲೆ ಮಾತ್ರ ಒಂದೇ. ಅಪ್ಪ ತಾನು ಶಾಲೆ ಬಿಟ್ಟು ಕಾಕಾನನ್ನು ಮಿರಜಿನಲ್ಲಿ ವಿಜ್ಞಾನ ಓದಿಸಿದ್ದ. ನನಗೆ ಕಾಕಾ ಅಂದರೆ ಜೀವ. ಅವನ ಅಂಗಿಯ ಕಿಸೆಯಲ್ಲಿ ಯಾವಾಗಲೂ ನಾಲ್ಕು ಮನುಕ, ಒಣದ್ರಾಕ್ಷಿ, ಇರುತ್ತಿದ್ದವು, ಅವು ಯಾವಾಗಲೂ ನನ್ನವೇ ಆಗಿದ್ದವು. ಮಿರಜಿನಿಂದ ಬರುವ ದಲಾಲರು ಮಾತ್ರ ಎರಡೂ ಬದಿಗೆ ಸೇರಿಸಿ "ಅಣ್ಣನ ಬಾಗ", ಅಣ್ಣನ ತೋಟ, ಅನ್ನುತ್ತಿದ್ದರು. ಕಾಕಾ ನಗುತ್ತಿದ್ದ. ಆ ನಗೆಯನ್ನು ನಾವ್ಯಾರೂ ಸರಿಯಾಗಿ ನೋಡಲಿಲ್ಲ.

ಒಂದು ವರ್ಷ ಎರಡೂ ಬದಿಯ ಬಳ್ಳಿ ಹಳದಿಯಾದವು. ಎಲೆಯ ನರ ಹಸಿರು, ಉಳಿದದ್ದೆಲ್ಲ ಕಾಮಾಲೆ. ಸ್ವಲ್ಪ ದಿನಕ್ಕೆ ಕಾಕಾನ ಬದಿ ಹಸಿರಿಗೆ ತಿರುಗಿತು. ಉಣ್ಣುವಾಗ ಅಪ್ಪ ಕೇಳಿದ: "ಏನ ಹೊಡದ್ಯೋ ತಮ್ಮಾ?"

"ಹಿರಾಕಸ ಅಣ್ಣಾ. ಮತ್ತೇನಿಲ್ಲ."

"ಸುಣ್ಣ ಎಷ್ಟ ಹಾಕೂದು?"

"ಔಷಧ ಕಲಸೂದು ನಿನಗ ನಾ ಹೇಳಿಕೊಡಬೇಕೇನ?"

ಇಡೀ ಊರಿಗೆ ಮೈಲುತುತ್ತ ಕಲಸಿಕೊಡುವವನು ಅಪ್ಪ. ಮೈಲುತುತ್ತಕ್ಕೆ ಸುಣ್ಣ ಬೇಕೇ ಬೇಕು, ಇಲ್ಲದಿದ್ದರೆ ಎಲೆ ಸುಡುತ್ತದೆ. ಆ ಕೈಗೆ ಬೇರೆ ದಾರಿ ಗೊತ್ತಿರಲಿಲ್ಲ. ಮರುದಿನ ಮುಂಜಾನೆ ಪೂಜೆಗೆ ನಿಂತವನ ಗಾಂಭೀರ್ಯದಲ್ಲಿ ಅಪ್ಪ ಬ್ಯಾರಲ್ಲಿನ ಹಸಿರು ನೀರಿಗೆ ಸುಣ್ಣದ ತಿಳಿ ಹೊಯ್ದ. ನೀರು ಪಾಚಿಯಾಯಿತು, ಆಮೇಲೆ ಇಟ್ಟಂಗಿಯ ಬಣ್ಣದ ಗಸಿಯಾಗಿ ತಳಕ್ಕೆ ಕೂತಿತು. ಸುಣ್ಣ ಬಿದ್ದರೆ ಹಿರಾಕಸದ ಕಬ್ಬಿಣ ಗಸಿಯಾಗಿ ಇಳಿಯುತ್ತದೆ. ಬಳ್ಳಿಗೆ ಅದು ಕೆಮ್ಮಣ್ಣಿಗೆ ಸಮ. ಅದು ಕರಗಿಯೇ ಇರಬೇಕಾದರೆ ಹುಳಿ ಬೇಕು. ಇದೆಲ್ಲ ಬಲ್ಲ ಕಾಕಾ ಪಕ್ಕದಲ್ಲೇ ನಿಂತಿದ್ದ. ಸುಣ್ಣದ ಬುಟ್ಟಿ ಎತ್ತಿ ಕೊಟ್ಟವನೂ ಅವನೇ.

ಅದೇ ಹೊತ್ತಿಗೆ ಹಿತ್ತಲ ಗಿಡದ ಲಿಂಬಿಹಣ್ಣು ಕಾಣೆಯಾಗತೊಡಗಿದವು. ಆಯಿ ಈ ವಿಷಯದಲ್ಲಿ ನ್ಯಾಯಾಧೀಶರಂತೆ ತನಿಖೆ ನಡೆಸಿ, ಕಾಕುವಿನ ಸೆರಗಿನಲ್ಲಿ ಹಣ್ಣು ಕಂಡು ತೀರ್ಪು ಕೊಟ್ಟಳು: "ಹುಳಿ ಬೇಡಾಕತ್ತಾಳ. ಯಾರೂ ಏನೂ ಕೇಳಬ್ಯಾಡ್ರಿ, ದೃಷ್ಟಿ ಆಗತೈತಿ!" ಮದುವೆಯಾಗಿ ಬಹಳ ವರ್ಷವಾದರೂ ಕಾಕುವಿಗೆ ಮಕ್ಕಳಿರಲಿಲ್ಲ. ಅವಳು ಕಾಕಾನ ಮುಖ ನೋಡಿದಳು. ಕಾಕಾ ಮತ್ತೊಂದು ರೊಟ್ಟಿ ಮುರಿದ. ಆಯಿ ಸರಕಾರಿ ದವಾಖಾನೆಗೆ ಹೋಗಿ ಸೊಸೆಯ ಹೆಸರಿನಲ್ಲಿ ರಕ್ತದ ಗುಳಿಗೆ ತಂದಳು. ಅವೂ ಕಬ್ಬಿಣದವೇ. ಬಳ್ಳಿಗೆ ಬೇಕಾದ ಕಬ್ಬಿಣ ಹೀಗೆ ಇಲ್ಲದ ಕೂಸಿನ ಹೆಸರಿಗೆ ದಿನಾ ಹಾಲಿನ ಜೊತೆ ಕಾಕುವಿನ ಗಂಟಲಲ್ಲಿ ಇಳಿಯುತ್ತಿತ್ತು.

ಗುಟ್ಟು ಹೊರಬಿದ್ದದ್ದು ಕುಬಸದ, ಅಂದರೆ ಸೀಮಂತದ, ತಯಾರಿಯಲ್ಲಿ. ಆಯಿ ಹಸಿರು ಸೀರೆ, ಹಸಿರು ಬಳೆ ತಂದು ಮುಂದಿಟ್ಟಳು. ಬಳೆ ಇಡಿಸಲು ಅವ್ವ ಕೈ ಹಿಡಿದದ್ದೇ, ಕಾಕು ಕೈ ಕೊಸರಿಕೊಂಡು ಅತ್ತಳು: "ನಾ ಒಂದ ಲಿಂಬಿನೂ ತಿಂದಿಲ್ರಿ ಅತ್ತಿ. ಎಲ್ಲಾ ಇವರ ಹಿರಾಕಸದ ಬ್ಯಾರಲ್ಲಿಗೆ ಹ್ವಾದವು. ಯಾರಿಗೂ ಹೇಳಬ್ಯಾಡ ಅಂದಾರ."

ಹೊಸ್ತಿಲಲ್ಲಿ ನಿಂತಿದ್ದ ಅಪ್ಪ ಬೈಯಲಿಲ್ಲ.

"ಸುಣ್ಣ ನೀನ ಎತ್ತಿ ಕೊಟ್ಟಿದ್ದೆಲ್ಲೋ ತಮ್ಮಾ," ಅಂದ.

"ಒಂದ ವರ್ಷರೆ ದಲಾಲರು ಮೊದಲ ನನ್ನ ಬದಿ ಬರಲಿ ಅನಿಸ್ತು ಅಣ್ಣಾ."

"ನನಗ ಹೇಳಿದ್ರ ನಾನ ಕರಕೊಂಡ ಬರತಿದ್ನೆಲ್ಲೋ."

ಕಾಕಾ ಕಿಸೆಗೆ ಕೈ ಹಾಕಿ ನನ್ನತ್ತ ಮನುಕ ಚಾಚಿದ; ನಾನು ಅವ್ವನ ಹಿಂದೆ ಸರಿದೆ. ಈಗ ಅಂಗಡಿಗಳಲ್ಲಿ ಹಿರಾಕಸದ ಜೊತೆ ಹುಳಿಯ ಪುಡಿಯನ್ನೂ ಪೊಟ್ಟಣ ಕಟ್ಟಿ, ಕಲಸುವ ಕ್ರಮವನ್ನು ಕನ್ನಡದಲ್ಲೂ ಮರಾಠಿಯಲ್ಲೂ ಅಚ್ಚು ಹಾಕಿ ಮಾರುತ್ತಾರೆ. ಒಡಹುಟ್ಟಿದವರನ್ನು ಕೇಳುವ ಪ್ರಸಂಗವೇ ಬರುವುದಿಲ್ಲ. ಒಳ್ಳೆಯದೇ ಆಯಿತು.

ಆ ಬೇಸಿಗೆಯಲ್ಲಿ ಅಡುಗೆಮನೆಯ ನಡುವೆ ಗೋಡೆ ಎದ್ದಿತು. ಆಯಿ ಒಂದು ಹೊತ್ತು ಆಚೆ, ಒಂದು ಹೊತ್ತು ಈಚೆ ಉಂಡು ತೀರಿಕೊಂಡಳು. ಕಾಕುವಿಗೆ ಮಕ್ಕಳಾಗಲಿಲ್ಲ. ಅಪ್ಪ ಹಳದಿಯಾಗಿಯೇ ಉಳಿದಿದ್ದ ತನ್ನ ಬದಿಯ ಬಳ್ಳಿಗಳನ್ನು ಬೇರುಸಹಿತ ಕೀಳಿಸಿ ಕಬ್ಬು ನೆಟ್ಟ.