ಪೂಜೆಗಿಟ್ಟ ಸ್ಟೆಪ್ನಿ

ಕಾರಿನ ಡಿಕ್ಕಿಯ ವಿಷಯಕ್ಕೆ ನನಗೂ ನನ್ನ ತಮ್ಮನಿಗೂ ಆದಷ್ಟು ಜಗಳ ಅಪ್ಪನ ಸೈಟು ಪಾಲು ಮಾಡುವಾಗಲೂ ಆಗಿರಲಿಲ್ಲ. ಪೀಣ್ಯ ಇಂಡಸ್ಟ್ರಿಯಲ್ ಏರಿಯಾ ಎರಡನೇ ಹಂತದಲ್ಲಿ ಅವನದೊಂದು ಸಣ್ಣ ಲೇತ್ ವರ್ಕ್‌ಶಾಪು. ಅಲ್ಲಿ ಕಡೆದ ಕಬ್ಬಿಣದ ಗುಂಡನೆಯ ಸಾಮಾನುಗಳನ್ನು ತನ್ನ ಕಾರಿನಲ್ಲೇ ತುಂಬಿಕೊಂಡು ಹೋಗಿ ದೊಡ್ಡ ಫ್ಯಾಕ್ಟರಿಗಳಿಗೆ ಕೊಟ್ಟು ಬರೋನು. ಡಿಕ್ಕಿಯಲ್ಲಿ ಸ್ಟೆಪ್ನಿ ಚಕ್ರ ಕೂರುವ ಗುಂಡಿ ಇರುತ್ತಲ್ಲ, ಅದರಲ್ಲಿಟ್ಟರೆ ಅವು ಉರುಳಾಡುವುದಿಲ್ಲ ಅಂತ ಒಂದು ದಿನ ಕಂಡುಹಿಡಿದ. ಸರಿ, ಸ್ಟೆಪ್ನಿ ಎದ್ದು ವರ್ಕ್‌ಶಾಪಿನ ಮೂಲೆ ಸೇರಿತು. ಬದಲಿಗೆ ಆನ್‌ಲೈನಲ್ಲಿ ತರಿಸಿದ ಪಂಕ್ಚರ್ ಕಿಟ್ ಬಂತು. ಟಿಫನ್ ಡಬ್ಬಿಯಷ್ಟು ದೊಡ್ಡ ಗಾಳಿಪಂಪು, ಜೊತೆಗೆ ಒಂದು ಬಾಟಲಿ ಬಿಳೀ ಅಂಟು.

"ಈಗಿನ ಹೊಸ ಗಾಡೀಲಿ ಸ್ಟೆಪ್ನೀನೇ ಕೊಡಲ್ಲಕ್ಕ. ಕಿಟ್ ಅಷ್ಟೇ."

"ಅವ್ರೆಲ್ಲ ರೋಡಲ್ಲಿ ನಿಂತ್ಕೊಂಡು ಅಳ್ಲಿ. ನೀನು ಮುಚ್ಕೊಂಡು ಸ್ಟೆಪ್ನಿ ಹಾಕ್ಕೋ."

ನನ್ನ ಬಾಯಿ ಹಾಗೇ. ಗಾರ್ಮೆಂಟ್ಸಿನಲ್ಲಿ ಲೈನ್ ಸೂಪರ್‌ವೈಸರ್ ನಾನು. ದಿನವಿಡೀ ಹೊಲಿಗೆ ಮಷೀನುಗಳ ಸದ್ದಿನ ಮೇಲೆ ಕೂಗಿ ಕೂಗಿ, ಈಗ ನಾನು ಗುಟ್ಟು ಹೇಳಿದರೂ ನಾವಿರುವ ಇಡೀ ಬಾಗಲಗುಂಟೆಗೆ ಕೇಳಿಸುತ್ತೆ. ಅವನ ಮನೆ ನಮ್ಮ ಹಿಂದಿನ ಬೀದಿ. ಹೋದಾಗಲೆಲ್ಲ ಡಿಕ್ಕಿ ತೆಗೆದು ನೋಡುವುದು, ಸ್ಟೆಪ್ನಿ ಇಲ್ಲದಿದ್ದರೆ ಉಗಿಯುವುದು, ಅವನು ತಂದು ಹಾಕುವುದು, ಮುಂದಿನ ವಾರ ಮತ್ತೆ ತೆಗೆಯುವುದು. ಹೀಗೇ ನಡೆದಿತ್ತು.

ನನಗೆ ಆ ಕಾರಿನ ಮೇಲೆ ಅಷ್ಟೊಂದು ಅಧಿಕಾರ ಎಲ್ಲಿಂದ ಬಂತು ಅಂದರೆ, ಆಸ್ಪತ್ರೆಗೆ ಹೋಗೋ ದಿನ ಅದನ್ನು ಓಡಿಸೋಳು ನಾನೇ. ತಮ್ಮನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಡಯಾಲಿಸಿಸ್. ತುಮಕೂರು ರಸ್ತೆ ಹಿಡಿದು ಹೋಗಿ, ಆಸ್ಪತ್ರೆಯ ಮಷೀನಿಗೆ ಕೈಯೊಡ್ಡಿ ಮಲಗಿ, ರಕ್ತ ತೊಳೆಸಿಕೊಂಡು ಬರಬೇಕು. ವಾಪಸು ಬರುವಾಗ ಅವನಿಗೆ ಸ್ಟೇರಿಂಗ್ ಹಿಡಿಯುವ ತ್ರಾಣ ಇರುತ್ತಿರಲಿಲ್ಲ. ಅವನಿಗೋಸ್ಕರ ನಾನು ಈ ವಯಸ್ಸಲ್ಲಿ ಕಾರು ಕಲಿತೆ, ಫ್ಯಾಕ್ಟರಿಯಲ್ಲಿ ಶಿಫ್ಟು ಬದಲಾಯಿಸಿಕೊಂಡೆ.

ನನ್ನದೊಂದು ಕಿಡ್ನಿ ಕೊಡ್ತೀನಿ ಅಂತಲೂ ಹೇಳಿದ್ದೆ. ಅವನ ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ, ನನ್ನದು ಹೊಂದುತ್ತಿತ್ತು. ನಮ್ಮನೆಯವರು "ನಿನ್ನಿಷ್ಟ" ಅಂದು ಪೇಪರಿನೊಳಗೆ ಮುಖ ಇಟ್ಟರು. ಇನ್ನೂ ಎಷ್ಟೋ ಟೆಸ್ಟು ಆಗಬೇಕು, ಇಬ್ಬರೂ ಒಟ್ಟಿಗೆ ಬನ್ನಿ ಅಂತ ಡಾಕ್ಟರು ಹೇಳಿದ್ದರು. ಇವನು ಬರಲೊಲ್ಲ. ಬೇಡಕ್ಕ, ಮಷೀನಲ್ಲಿ ನಡೀತಿದ್ಯಲ್ಲ ಅನ್ನುವುದು. ನಾನು ಬಿಡುತ್ತಿರಲಿಲ್ಲ. ಅವನ ಅಡುಗೆಮನೆಯಲ್ಲಿ, ಕಾರಿನಲ್ಲಿ, ಆಸ್ಪತ್ರೆಯ ಲಿಫ್ಟಿನಲ್ಲಿ ಅಪರಿಚಿತರ ಮುಂದೆ, ಎಲ್ಲ ಕಡೆ ಅದೇ ಮಾತು. ತಗೊಳ್ಳೋ, ತಗೊಳ್ಳೋ.

ಒಮ್ಮೆ ವರ್ಕ್‌ಶಾಪಿನಲ್ಲಿ ನಗುತ್ತಾ ಅಂದ, "ನೀನು ನನ್ನ ಸ್ಟೆಪ್ನಿ ಕಣಕ್ಕ. ಕಿಟ್ಟಲ್ಲಿ ಎಷ್ಟು ದಿನ ಓಡುತ್ತೋ ಓಡ್ಲಿ ಬಿಡು."

ಲೇತಿನ ಮುಂದಿದ್ದ ಕೆಲಸದವರು ಆ ಕಡೆ ತಿರುಗಿಕೊಂಡು ನಕ್ಕರು. ನಮ್ಮ ಕಡೆ ಇಟ್ಟುಕೊಂಡ ಹೆಂಗಸಿಗೂ ಸ್ಟೆಪ್ನಿ ಅಂತಲೇ ಅನ್ನೋದು.

"ಅಕ್ಕನಿಗೆ ಅನ್ನೋ ಮಾತೇನೋ ಅದು? ನಿನ್ನ ಬಾಯಿಗೆ ಮಣ್ಣು ಹಾಕ" ಅಂದೆ. ನನಗೂ ನಗು ಬಂತು. ಆದರೆ ಮನೆಗೆ ಹೋದಮೇಲೆ ಆ ಮಾತು ಯಾಕೋ ಸಂಕಟ ಮಾಡಿತು.

ಕಿಟ್ಟನ್ನು ಸುಮ್ಮನೆ ಬೈಯಬಾರದು. ಜಾಲಹಳ್ಳಿ ಕ್ರಾಸಿನ ಹತ್ತಿರ ಒಮ್ಮೆ ಮೊಳೆ ಹೊಕ್ಕಾಗ ಅದು ನಮ್ಮನ್ನು ಪಾರುಮಾಡಿತ್ತು. ಟೈರಿಗೆ ಅಂಟು ಹತ್ತಿಸಿ, ಪಂಪು ಚುಚ್ಚಿ, ತಮ್ಮ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಟೈರು ಉಬ್ಬಿತು, ನಾವು ಹೊರಟೆವು. ಆಮೇಲೆ ಪಂಕ್ಚರ್ ಅಂಗಡಿಯವನು ಟೈರು ಬಿಚ್ಚಿ, ಒಳಗೆಲ್ಲ ಮೆತ್ತಿಕೊಂಡಿದ್ದ ಅಂಟು ನೋಡಿ ಮುಖ ಕಿವುಚಿದ. "ಈ ಗೊಜ್ಜು ಯಾಕ್ ಹಾಕ್ತೀರಾ ಸಾರ್? ಕೆಳಗಡೆ ಮೊಳೆ ಚುಚ್ಚಿದ್ರೆ ಸರಿ. ಸೈಡಲ್ಲಿ ಹರಿದ್ರೆ ನೀವು ಇಡೀ ಅಂಗಡಿ ಸುರಿದ್ರೂ ನಿಲ್ಲಲ್ಲ" ಅಂದ. ತಮ್ಮ ನನಗೆ ಕೇಳಿಸಿಲ್ಲ ಅಂದುಕೊಂಡು ಬೇರೆ ಮಾತು ತೆಗೆದ.

ಆ ವರ್ಷ ಆಯುಧಪೂಜೆ ಬಂತು. ಪೀಣ್ಯದಲ್ಲಿ ದೀಪಾವಳಿ, ಯುಗಾದಿ ಎಲ್ಲ ಅದರ ಮುಂದೆ ಏನೂ ಇಲ್ಲ. ಶೆಡ್ಡು ತೊಳೆದು, ಲೇತುಗಳಿಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಬಾಗಿಲಿಗೆ ಬಾಳೆಕಂಬ ಕಟ್ಟುತ್ತಾರೆ. ನಾನು ಹೋಗುವ ಹೊತ್ತಿಗೆ ತಮ್ಮ ತನ್ನ ಸ್ಪ್ಯಾನರು, ಸುತ್ತಿಗೆ, ಎಲ್ಲವನ್ನೂ ಮಣೆಯ ಮೇಲೆ ಸಾಲಾಗಿ ಜೋಡಿಸಿದ್ದ. ನಡುವೆ ಕಾರಿನ ಸ್ಟೆಪ್ನಿ. ಒರೆಸಿ, ಕುಂಕುಮ ಇಟ್ಟು, ಮೇಲೊಂದು ಗುಲಾಬಿ. ದೇವರ ಹಾಗೇ ಕೂರಿಸಿದ್ದ.

ಅದನ್ನು ನೋಡಿ ನಗಬೇಕು ಅನ್ನುವಷ್ಟರಲ್ಲಿ ನೆನಪಾಯಿತು. ಅವತ್ತು ಅವನ ಡಯಾಲಿಸಿಸ್ ದಿನ.

"ಆಸ್ಪತ್ರೆಗೆ ಯಾವಾಗ ಹೋಗೋದೋ?"

"ನಾಳೆ ಬೆಳಗ್ಗೆಗೆ ಹಾಕಿಸ್ಕೊಂಡಿದೀನಿ. ಫೋನ್ ಮಾಡಿದ್ದೆ. ಒಂದಿನ ತಾನೇ."

ನನಗೆ ಮೈಯೆಲ್ಲ ಉರಿದುಹೋಯಿತು. ಕೆಲಸದವರ ಮುಂದೆಯೇ ಬೈದೆ. ಅವನು ಮಂಗಳಾರತಿ ತಟ್ಟೆ ಹಿಡಿದುಕೊಂಡು ನಿಂತಿದ್ದ. ಪೂಜೆ ಆಯಿತು. ಬೂದುಗುಂಬಳ ಒಡೆದರು. ಕಡ್ಲೆಪುರಿ, ಕಾಯಿಚೂರು, ಬಾಳೆಹಣ್ಣು ಹಂಚಿದರು. ಅವನಿಗೆ ಬಾಳೆಹಣ್ಣು ಕೂಡದು, ಕಾಯಿ ಕೂಡದು, ನೀರನ್ನೂ ಗುಟುಕು ಲೆಕ್ಕದಲ್ಲಿ ಕುಡಿಯಬೇಕು. ಪ್ರಸಾದ ಅಂತ ಎಲ್ಲ ತಿಂದ. ಕಡ್ಲೆಪುರಿಯ ಉಪ್ಪಿಗೆ ಬಾಯಾರಿಕೆ ಆಗಿ ನೀರೂ ಕುಡಿದ. ನಾನು ನೋಡುತ್ತಿದ್ದರೆ ಬೆನ್ನು ತಿರುಗಿಸಿಕೊಂಡ.

ಹೊರಡುವಾಗ, ಸ್ಟೆಪ್ನಿ ಡಿಕ್ಕಿಗೆ ಹಾಕು ಅಂದೆ.

"ಪೂಜೆಗಿಟ್ಟಿದ್ದನ್ನ ಕದಲಿಸಬಾರದಕ್ಕ. ನಾಳೆ ಸಂಜೆ ಪೂಜೆ ಎತ್ತಿದ ಮೇಲೆ ಹಾಕ್ತೀನಿ. ಕಿಟ್ ಇದ್ಯಲ್ಲ."

ಇದೊಂದಕ್ಕೆ ನಾನು ಎದುರಾಡಲಿಲ್ಲ. ನಾನೂ ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವಳು. ಮನೆಯಲ್ಲಿ ನನ್ನ ಹೊಲಿಗೆ ಮಷೀನು, ಕತ್ತರಿ, ಈಳಿಗೆಮಣೆ ಸಮೇತ ಪೂಜೆಗೆ ಕೂತಿದ್ದವು. ಪೂಜೆ ಎತ್ತುವ ತನಕ ಅವನ್ನು ಮುಟ್ಟುವುದು ನನ್ನ ಕೈಯಲ್ಲೂ ಆಗದು.

ಮರುದಿನ ಬೆಳಗ್ಗೆ ತಮ್ಮನ ಹೆಂಡತಿಯ ಫೋನು. "ಅತ್ತಿಗೆ, ಇವ್ರು ಮಲಗಿದ್ರೆ ಉಸಿರು ಕಟ್ಟುತ್ತೆ ಅಂತ ಗೋಡೆಗೆ ಒರಗಿ ಕೂತೇ ಇದಾರೆ" ಅಂದಳು. ಓಡಿದೆ. ಮುಖ ಊದಿ ಕಣ್ಣು ಸಣ್ಣಗಾಗಿದ್ದವು. ಪಾದಗಳು ಚಪ್ಪಲಿಗೆ ಹಿಡಿಸಲಿಲ್ಲ. ನನ್ನ ನೋಡಿ ನಗಲು ಹೋದ, ಕೆಮ್ಮು ಬಂತು. ನಾನು ಬೈಯಲಿಲ್ಲ. ಬೈಯುವ ಹಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಕ್ಕಳನ್ನು ನೋಡಿಕೊಳ್ಳಲು ನಾದಿನಿ ಉಳಿದಳು. ನಾವಿಬ್ಬರೇ ಹೊರಟೆವು. ತುಮಕೂರು ರಸ್ತೆ ತಲುಪುವ ಮೊದಲೇ ಗಾಡಿಗಳು ನಿಂತಿದ್ದವು. ರಜೆಗೆ ಊರಿಗೆ ಹೊರಟವರು, ಹೂವು ಕಟ್ಟಿಕೊಂಡ ಲಾರಿಗಳು. "ಒಳಗಿಂದ ಹೋಗಕ್ಕ, ಇಂಡಸ್ಟ್ರಿಯಲ್ ಏರಿಯಾ ಇವತ್ತು ಖಾಲಿ" ಅಂದ. ತಿರುಗಿಸಿದೆ.

ಖಾಲಿ ಅಂದರೆ ಖಾಲಿ. ವರ್ಷವೆಲ್ಲ ಗಡಗಡ ಅನ್ನುವ ಪೀಣ್ಯ ಅವತ್ತು ಉಸಿರು ಬಿಗಿಹಿಡಿದಿತ್ತು. ಒಂದು ಲೇತಿನ ಸದ್ದಿಲ್ಲ, ಒಂದು ಟೀ ಅಂಗಡಿ ತೆಗೆದಿಲ್ಲ. ಗೇಟುಗಳ ಮುಂದೆಲ್ಲ ಒಡೆದ ಬೂದುಗುಂಬಳ. ಒಳಗೆ ತುಂಬಿದ್ದ ಕುಂಕುಮ ರಸ್ತೆಗೆ ಹರಿದು, ಮೇಲೆ ನೊಣ. ಪಕ್ಕದಲ್ಲಿ ತಮ್ಮನ ಉಸಿರು ನೀರಿನೊಳಗಿಂದ ಬಂದ ಹಾಗೆ ಗೊರಗೊರ ಅನ್ನುತ್ತಿತ್ತು. ನನಗೆ ಆ ಕೆಂಪು ನೋಡಲಾಗಲಿಲ್ಲ.

ಕುಂಬಳದ ಹೋಳಿನ ಮೇಲೆ ಚಕ್ರ ಹತ್ತಿದರೆ ಜಾರುತ್ತೆ ಅಂತ ತಪ್ಪಿಸಿ ತಪ್ಪಿಸಿ ಓಡಿಸುತ್ತಿದ್ದೆ. ಒಂದು ತಿರುವಿನಲ್ಲಿ ದೊಡ್ಡದೊಂದು ಒಡೆದು ಬಿದ್ದಿತ್ತು. ಎಡಕ್ಕೆ, ರಸ್ತೆಯ ಅಂಚಿಗೆ ಎಳೆದೆ. ಅಲ್ಲಿ ಗುಜರಿ ಲಾರಿಯಿಂದ ಉದುರಿದ ಕಬ್ಬಿಣದ ಸುರುಳಿಗಳು ಬಿದ್ದಿದ್ದವು. ಲೇತಿನಲ್ಲಿ ಕಡೆಯುವಾಗ ಬರುತ್ತವಲ್ಲ, ಬ್ಲೇಡಿನಂಥವು. ಚರ್ರ್ ಅಂತ ಸದ್ದಾಯಿತು. ಕಾರು ಒಂದು ಕಡೆ ವಾಲಿತು.

ಇಳಿದು ನೋಡಿದೆ. ಟೈರಿನ ಪಕ್ಕದಲ್ಲಿ ಬೆರಳು ತೂರುವಷ್ಟು ಸೀಳು. ಪಂಕ್ಚರ್ ಅಂಗಡಿಯವನ ಮಾತು ಗೊತ್ತಿದ್ದೂ ಕಿಟ್ ತೆಗೆದೆ. ಇನ್ನೇನು ಮಾಡಲಿ? ಅವನು ಬಾಗಿಲು ತೆಗೆದು ಕಾಲು ಹೊರಗಿಟ್ಟು ಕೂತು, "ಬಾಟ್ಲಿ ಅಲ್ಲಾಡ್ಸು, ತಲೆಕೆಳಗೆ ಹಿಡಿ" ಅಂತ ತಡೆದು ತಡೆದು ಹೇಳಿಕೊಟ್ಟ. ಪಂಪು ಗರ್ರ್ ಅಂತು. ಇಡೀ ಪೀಣ್ಯದಲ್ಲಿ ಅದೊಂದೇ ಸದ್ದು. ಅಂಟು ಸೀಳಿನಿಂದ ನೊರೆನೊರೆಯಾಗಿ ಹೊರಗೆ ಬಂದು ಕುಂಕುಮದ ನೀರಿಗೆ ಬಿತ್ತು. ನಾನು ಬೆರಳಿಂದ ಒತ್ತಿ ಹಿಡಿದೆ. ಬೆರಳ ಸಂದಿಯಿಂದ ಬಂತು. ಬಾಟಲಿ ಮುಗಿಯಿತು.

ಆಂಬುಲೆನ್ಸಿಗೆ ಫೋನು ಮಾಡಿದೆ. ಬರ್ತಿದೆ ಮೇಡಂ, ತುಮಕೂರು ರೋಡಲ್ಲಿ ಜಾಮಾಗಿದೆ ಅಂದರು. ಕ್ಯಾಬಿನ ಆ್ಯಪು ಹುಡುಕುತ್ತಲೇ ಇತ್ತು. ಎದುರಿಗೇ ಒಂದು ಪಂಕ್ಚರ್ ಅಂಗಡಿ. ಶೆಟರು ಎಳೆದು, ಬೀಗಕ್ಕೂ ಹಾರ ಹಾಕಿ ಹೋಗಿದ್ದರು.

ಆಗ ತಮ್ಮ ಅಂದ, "ವರ್ಕ್‌ಶಾಪಿನ ಬೀಗದ ಕೈ ಜೇಬಲ್ಲಿದೆ ತಗೋ. ಎರಡು ಕ್ರಾಸ್ ಅಷ್ಟೇ. ಸ್ಟೆಪ್ನಿ ತಂದ್ಬಿಡು."

"ಪೂಜೆ ಎತ್ತಿಲ್ವಲ್ಲೋ."

"ಪರವಾಗಿಲ್ಲ, ತಗೊಂಡ್ಬಾ."

ಅಲ್ಲಿಯವರೆಗೆ ನಾನು ಧೈರ್ಯವಾಗೇ ಇದ್ದೆ. ಪೂಜೆಗಿಟ್ಟಿದ್ದನ್ನ ಕದಲಿಸಬಾರದು ಅಂದವನೇ ಪರವಾಗಿಲ್ಲ ಅಂದಮೇಲೆ ಆ ಧೈರ್ಯ ಹೋಯಿತು. ಕೀ ತಗೊಂಡೆ. ಅವನ ತುಟಿ ನೋಡಿದೆ, ನೀಲಿಗಟ್ಟಿತ್ತು. ಈ ಸ್ಥಿತಿಯಲ್ಲಿ ಬಿಟ್ಟು ಎರಡು ಕ್ರಾಸು ಹೋಗಿ, ಚಕ್ರ ಉರುಳಿಸಿಕೊಂಡು ಬಂದು, ಜಾಕು ಹಾಕಿ, ನಟ್ಟು ಬಿಚ್ಚುವುದರೊಳಗೆ? ಕೀಯನ್ನು ಅವನ ಜೇಬಿಗೇ ಹಾಕಿ ರಸ್ತೆ ನಡುವೆ ಹೋಗಿ ನಿಂತೆ. ಬಂದದ್ದನ್ನು ತಡೆಯುವುದು, ಅಷ್ಟೇ.

ಬಹಳ ಹೊತ್ತಿನ ಮೇಲೆ ಒಂದು ಲಗೇಜ್ ಆಟೊ ಬಂತು. ಮಾರಿ ಉಳಿದ ಬಾಳೆಕಂಬ, ಮಾವಿನಸೊಪ್ಪು ತುಂಬಿಕೊಂಡು ಹೊರಟಿದ್ದ ಉತ್ತರ ಕರ್ನಾಟಕದವನು. ನಾನು ಬಾಯಿ ತೆರೆಯುವ ಮುಂಚೆ ಕಾರಿನೊಳಗೆ ಬಗ್ಗಿ ನೋಡಿ, "ಮಾತು ಆಮ್ಯಾಲೆ ಆಡೂಣ್ರಿ ಅಕ್ಕಾರ, ಮೊದಲ ಇವರನ್ನ ಹತ್ತಸ್ರಿ" ಅಂದ. ತಮ್ಮನನ್ನು ಅವನ ಪಕ್ಕದಲ್ಲಿ ಕೂರಿಸಿ, ನಾನು ಹಿಂದೆ ಬಾಳೆಕಂಬಗಳ ನಡುವೆ ಕೂತೆ. ಮಧ್ಯದ ಕಿಂಡಿಯಿಂದ ಕೈ ತೂರಿಸಿ ತಮ್ಮನ ಅಂಗಿಯ ಕಾಲರ್ ಹಿಡಿದುಕೊಂಡಿದ್ದೆ. ಅವನು ಮುಂದಕ್ಕೆ ಬೀಳಬಾರದು ಅಂತ ಹಿಡಿದಿದ್ದು. ದಾರಿಯುದ್ದಕ್ಕೂ ಅವನ ಕತ್ತು ಬಿಸಿಯಾಗಿದೆಯಾ ಅಂತ ಮುಟ್ಟಿ ನೋಡುತ್ತಿದ್ದೆ.

ಆಸ್ಪತ್ರೆಯಲ್ಲಿ ವೀಲ್‌ಚೇರಿನಲ್ಲೇ ಒಳಗೆ ಓಡಿಸಿದರು. ಡಾಕ್ಟರಮ್ಮ ಇಸಿಜಿ ಹಾಳೆ ನೋಡಿ, "ಏನ್ ತಿಂದಿದಾರೆ?" ಅಂತ ನನ್ನನ್ನು ಕೇಳಿದರು. ಪ್ರಸಾದ ಅಂದೆ. ಅವರು ಹಾಳೆ ಮಡಚಿ ಟೆಕ್ನೀಷಿಯನ್ನನ್ನು ಕೂಗಿದರು. ಅಲ್ಲಿನ ಡಯಾಲಿಸಿಸ್ ಮಷೀನುಗಳಿಗೂ ಕುಂಕುಮ ಇಟ್ಟು ಹೂವು ಮುಡಿಸಿದ್ದರು. ಟೆಕ್ನೀಷಿಯನ್ನು ಹೂವನ್ನು ತೆಗೆದು ಪಕ್ಕದ ಟ್ರೇಗೆ ಹಾಕಿ, ಮಷೀನು ಹಚ್ಚಿ, ಸೂಜಿ ಚುಚ್ಚಿದ. ಕೊಳವೆಯಲ್ಲಿ ರಕ್ತ ಹರಿಯಿತು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತೆ. ಉಗುರ ಸಂದಿಯಲ್ಲಿ ಅಂಟು ಇನ್ನೂ ಇತ್ತು.

ಮಧ್ಯಾಹ್ನದ ಹೊತ್ತಿಗೆ ಉಸಿರು ಸಲೀಸಾಯಿತು. ತುಟಿಗೆ ಬಣ್ಣ ಬಂತು. ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಾ ಇದ್ದ.

"ಅಕ್ಕಾ, ಡಾಕ್ಟರ್‌ಗೆ ಹೇಳು. ತಗೋತೀನಿ."

"ಏನ್ ತಗೋತೀಯ?"

"ನೀನ್ ಕೊಡ್ತೀನಿ ಅಂತಿದ್ಯಲ್ಲ. ಅದು."

ಎಷ್ಟು ಕಾಲದಿಂದ ಕೂಗಿ ಕೂಗಿ ಕೇಳಿದ್ದೆ. ಹೂಂ ಅಂದ ತಕ್ಷಣ ಅಳ್ತೀನಿ, ದೇವರಿಗೆ ಕೈಮುಗೀತೀನಿ ಅಂದುಕೊಂಡಿದ್ದೆ. ಅದೇನೂ ಆಗಲಿಲ್ಲ. ಕೈ ತಾನಾಗಿ ಸೊಂಟದ ಪಕ್ಕಕ್ಕೆ ಹೋಗಿ ಸೆರಗಿನ ಮೇಲಿಂದ ಗಟ್ಟಿಯಾಗಿ ಹಿಡಿದುಕೊಂಡಿತು. ನನಗೆ ಭಯ ಆಗಿತ್ತು. ಬದುಕಿನಲ್ಲಿ ಅಷ್ಟು ಭಯ ಯಾವತ್ತೂ ಆಗಿರಲಿಲ್ಲ.

ತಮ್ಮ ನನ್ನ ಕೈ ನೋಡಿದ.

"ನಿಂಗೆ ಭಯ ಅಂತ ನಂಗೆ ಮೊದ್ಲಿಂದ್ಲೂ ಗೊತ್ತು ಕಣಕ್ಕ. ಜೋರಾಗಿ ತಗೊಳ್ಳೋ ತಗೊಳ್ಳೋ ಅಂದಾಗೆಲ್ಲ ಗೊತ್ತಾಗ್ತಿತ್ತು. ಅದಕ್ಕೇ ಬೇಡ ಅಂತಿದ್ದೆ."

"ಮತ್ತೆ ಈಗ?" ಅಂದೆ.

"ಈಗ ನಂಗೇ ಜಾಸ್ತಿ ಭಯ ಆಗ್ಬಿಟ್ಟಿದೆ" ಅಂದ. ಅನ್ನುತ್ತಾ ಚಿಕ್ಕಂದಿನಲ್ಲಿ ಅಳುತ್ತಿದ್ದ ಹಾಗೆಯೇ ಕೆಳತುಟಿ ಕಚ್ಚಿಕೊಂಡ.

ನಾನು ಎದ್ದೆ. ಮಂಚದ ಕಂಬಿ ಹಿಡಿದುಕೊಂಡೆ. ಬಾಗಿಲಲ್ಲಿದ್ದ ನರ್ಸಮ್ಮನನ್ನು ಕರೆದು, ಡಾಕ್ಟರ್ ಇದ್ದಾರಾ, ಕಿಡ್ನಿ ಕೊಡೋರ ಟೆಸ್ಟಿಗೆ ಎಲ್ಲಿಗೆ ಹೋಗಬೇಕು ಅಂತ ಕೇಳಿದೆ.

ಅವಳು ಹತ್ತಿರ ಬಂದು ಬಗ್ಗಿ, "ಏನಂದ್ರಿ? ಕೇಳಿಸ್ಲಿಲ್ಲ" ಅಂದಳು.