ನಡುವೆ ಬಂದವಳು ಯಾರ ಮಗಳು

ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಬಹರೈನಿನ ಹೂರಾ ಪೇಟೆಯ ಟೈಲರಿಂಗ್ ಅಂಗಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಮಷಿನ್ ತುಳಿದು ಬಂದರೂ, ಮನೆಯಲ್ಲಿ ಕೂತ ಕೂಡಲೇ ಮತ್ತೆ ನೆಲ ಕುಟ್ಟಲು ಶುರು. "ಅಮ್ಮಾ, ಸ್ಟಾಪ್ ಇಟ್!" ಎಂದು ಹನ್ನೊಂದು ವರ್ಷದ ಮಗಳು ಗದರುತ್ತಾಳೆ. ಆಮೇಲೆ ಅವಳ ಕಾಲೂ ಕುಟ್ಟುತ್ತಿರುತ್ತದೆ, ಅದು ಅವಳಿಗೆ ಗೊತ್ತಿಲ್ಲ.

ನಾವು ಸಿದ್ದಿಗಳು, ಯಲ್ಲಾಪುರದ ಕಡೆಯವರು. ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು ಮಾರಿದವರ ಸಂತಾನ. ಬಹರೈನಿಗೆ ಬಂದು ಒಂಬತ್ತು ವರ್ಷವಾದರೂ ಅಂಗಡಿಯವರು ನನ್ನ ಮುಖ ನೋಡಿ ಅರಬ್ಬಿ ಶುರು ಮಾಡುತ್ತಾರೆ, ಇಲ್ಲಿರುವ ನಮ್ಮ ಕನ್ನಡದವರು ಇಂಗ್ಲಿಷ್. ಕನ್ನಡದಲ್ಲಿ ಉತ್ತರ ಕೊಟ್ಟರೆ ಕಣ್ಣು ಅರಳಿಸಿ, "ಅಯ್ಯೋ, ನಿಮಗೆ ಕನ್ನಡ ಬರ್ತದಾ!" ಅನ್ನುತ್ತಾರೆ. ಬರ್ತದೆ ಮಾರಾಯ್ರೆ, ಬೈಯಲಿಕ್ಕೂ ಬರ್ತದೆ ಎಂದು ಹೇಳಲು ನನಗೆ ಪ್ರತಿ ಸಲವೂ ನಾಲಿಗೆ ತುರಿಸುತ್ತದೆ.

ಹಾಗಾಗಿ ನಮ್ಮ ಕನ್ನಡದವರ ಕೂಟದ ಕಾರ್ಯದರ್ಶಿ ಅಂಗಡಿಗೆ ಬಂದು, "ಈ ಸಲ ರಾಜ್ಯೋತ್ಸವಕ್ಕೆ ಸಿದ್ದಿ ಡ್ಯಾನ್ಸ್ ಇಡುವ ಅಂತ. ಎಂಟು ಮಕ್ಕಳಿದ್ದಾರೆ. ನೀವೇ ಕಲಿಸ್ಬೇಕು" ಎಂದಾಗ ನನಗೆ ಆದ ಖುಷಿಗೆ ಕೈಯಲ್ಲಿದ್ದ ಅಬಾಯದ ತೋಳನ್ನು ತಲೆಕೆಳಗಾಗಿ ಹೊಲಿದುಬಿಟ್ಟೆ. ಒಳ್ಳೆಯ ಮನುಷ್ಯರು. ಮಂಗಳೂರಿನವರು, ಇಲ್ಲಿ ಲಾರಿಗಳ ವ್ಯವಹಾರ, ಬುಸೈತೀನಿನಲ್ಲಿ ದೊಡ್ಡ ವಿಲ್ಲಾ. ಶುಕ್ರವಾರ ಶುಕ್ರವಾರ ಅದರ ಹಾಲ್‌ನಲ್ಲೇ ಪ್ರಾಕ್ಟೀಸ್ ಶುರುವಾಯಿತು.

ನಾನು ಕಲಿಸಿದ್ದು ಪುಗಡಿ. ನಮ್ಮ ಹೆಂಗಸರ ಕುಣಿತ. ದಮಾಮಿ ಎಂಬ ಡೋಲು ಬಾರಿಸುತ್ತಾರೆ, ಸುತ್ತ ನಿಂತು ಬಾಗಿ ಬಾಗಿ ಚಪ್ಪಾಳೆ ಹೊಡೆದು ಕುಣಿಯಬೇಕು. ನನ್ನ ಅವ್ವನ ಗುಂಪಿನಲ್ಲಿ ಒಂದು ಪದ್ಧತಿ ಇತ್ತು. ಒಬ್ಬೊಬ್ಬಳಾಗಿ ನಡುವೆ ಬರಬೇಕು, ಬಂದವಳು ತಾನು ಯಾರ ಮಗಳು ಎಂದು ಗಟ್ಟಿಯಾಗಿ ಕೂಗಬೇಕು. ಕೂಗದೆ ಹೊರಗೆ ಬಿಡುವುದಿಲ್ಲ.

ಅದು ಬರೀ ಆಟವಲ್ಲ. ನಾನು ಚಿಕ್ಕವಳಿದ್ದಾಗ, ಸಿದ್ದಿಗಳೆಂಬ ಸರ್ಟಿಫಿಕೇಟ್ ಕೇಳಲು ನಮ್ಮ ಹೆಂಗಸರೆಲ್ಲ ತಾಲ್ಲೂಕು ಕಚೇರಿಗೆ ನಡೆದು ಹೋಗಿದ್ದರು. ಮೂರು ಸಲ ವಾಪಸ್ ಕಳಿಸಿದ್ದ ಗುಮಾಸ್ತ ನಾಲ್ಕನೇ ಸಲವೂ, "ನೀವು ಯಾರಂತ ದಾಖಲೆ ತಗೊಂಡ್ ಬರ್ರಿ" ಎಂದ. ಅವ್ವ ಕಚೇರಿಯ ಮೆಟ್ಟಿಲ ಮುಂದೆ ದಮಾಮಿ ಇಟ್ಟಳು. ಪುಗಡಿ ಶುರುವಾಯಿತು. ಒಬ್ಬೊಬ್ಬಳೂ ನಡುವೆ ಬಂದು ಯಾರ ಮಗಳು, ಯಾರ ಮೊಮ್ಮಗಳು ಎಂದು ಕೂಗುವುದು, ಅವ್ವ ಗುಮಾಸ್ತನ ಕಡೆ ತಿರುಗಿ, "ಬರ್ಕೊಳ್ರಿ ಸಾಹೇಬ್ರ!" ಅನ್ನುವುದು. ನಾನು ಅವಳ ಸೆರಗು ಹಿಡಿದು ನಿಂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಒಳಗಿದ್ದ ತಹಶೀಲ್ದಾರ್ ಸಾಹೇಬರೇ ಹೊರಗೆ ಬಂದು ಅರ್ಜಿ ತೆಗೆದುಕೊಂಡರು.

ಇದನ್ನು ಹೇಳಿಕೊಟ್ಟದ್ದೇ ತಡ, ಮಕ್ಕಳಿಗೆ ಹುಚ್ಚು ಹಿಡಿಯಿತು. "ಲೇಬರ್ ರೂಮ್ ನರ್ಸಮ್ಮನ ಮಗಳು!" "ನೀರ್‌ದೋಸೆ ಸ್ಪೆಷಲಿಸ್ಟ್ ಮಗಳು!" ಎಂದು ಕೂಗಿ ಬಿದ್ದು ಬಿದ್ದು ನಗುತ್ತಿದ್ದರು. ನನ್ನ ಮಗಳು ಮಾತ್ರ ನಡುವೆ ಬಂದು, "ಟೈಲರ್ಸ್ ಡಾಟರ್" ಎಂದು ಗಂಟಲಲ್ಲೇ ಹೇಳಿ ಓಡಿಬಿಡುತ್ತಿದ್ದಳು. ಶಾಲೆಯಲ್ಲಿ ಅವಳು ಸಿದ್ದಿ ಎಂದು ಯಾರಿಗೂ ಹೇಳಿಲ್ಲ. ಯಾರಾದರೂ ಕೇಳಿದರೆ ಇಂಡಿಯಾ, ಅಷ್ಟೇ. ಒಂದೇ ಒಂದು ಸಲ ಅವಳು ಕನ್ನಡದಲ್ಲಿ ಗಟ್ಟಿಯಾಗಿ ಕೂಗಲಿ, ಸಾಕು ಅನ್ನಿಸುತ್ತಿತ್ತು ನನಗೆ.

ಕಾರ್ಯಕ್ರಮಕ್ಕೆ ನಾಲ್ಕು ದಿನ ಇರುವಾಗ ಕಾರ್ಯದರ್ಶಿ ಒಂದು ದೊಡ್ಡ ಡಬ್ಬ ತಂದರು. ಒಳಗೆ ಪ್ಲಾಸ್ಟಿಕ್ ಎಲೆಗಳ ಲಂಗ, ಗರಿಯ ಕಿರೀಟ, ಮೈಗೆ ಬಳಿಯುವ ಕಪ್ಪು ಬಣ್ಣದ ಟ್ಯೂಬುಗಳು. ನಾನು ಡೋಲಿನ ಹಗ್ಗ ಬಿಗಿಯುತ್ತಾ ಮೂಲೆಯಲ್ಲಿದ್ದೆ. ಮಗಳು ನನ್ನ ಹತ್ತಿರ ಬಂದು ತಣ್ಣಗೆ ಹೇಳಿದಳು, "ಅಮ್ಮಾ, ನಂಗೆ ಪೇಂಟ್ ಬೇಡ್ವಂತೆ. ಅಂಕಲ್ ಹೇಳಿದ್ರು, ನೀನು ರೆಡಿಮೇಡ್ ಅಂತ."

ಡೋಲು ಕೆಳಗಿಟ್ಟು ಎದ್ದೆ.

"ಇದೆಂತ ಸರ್ ಇದು?" ಎಂದೆ.

"ಅಲ್ಲ ಮಾರ್ರೆ, ಸುಮ್ಮನೆ ತಮಾಷೆಗೆ ಹೇಳಿದ್ದು. ಡ್ರೆಸ್ ಇದೇ ಅಲ್ವಾ? ನಾನು ಯೂಟ್ಯೂಬ್ ನೋಡಿಯೇ ಆರ್ಡರ್ ಕೊಟ್ಟದ್ದು. ನಿಮ್ಮವರೇ ಹೀಗೆ ಹಾಕಿದ್ದುಂಟು, ನೋಡಿ ಬೇಕಾದ್ರೆ."

ಫೋನ್ ನನ್ನ ಕೈಗೆ ಕೊಟ್ಟರು. ನೋಡುವ ಅಗತ್ಯವೇ ಇರಲಿಲ್ಲ, ಆ ವೇದಿಕೆ, ಆ ಹಳದಿ ಪರದೆ ನನಗೆ ಗೊತ್ತು. ಎಂಟು ಹುಡುಗಿಯರು, ಸೊಂಟಕ್ಕೆ ಎಲೆ, ಕಪ್ಪು ಮೈಗೇ ಮತ್ತೆ ಕಪ್ಪು ಬಳಿದುಕೊಂಡಿದ್ದಾರೆ. ಸುಳ್ಳು ಹೇಳಿ ಪಾರಾಗಬಹುದಿತ್ತು. ಆದರೆ ಸಿಟ್ಟು ಬಂದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

"ಎಡದಿಂದ ಮೂರನೆಯವಳು ನಾನೇ," ಎಂದೆ.

ಅವರು ಫೋನನ್ನೂ ನನ್ನನ್ನೂ ನೋಡಿದರು. ಮಗಳು ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. ಅದರಲ್ಲಿ ಹದಿನೆಂಟರ ನಾನು ನಡುವೆ ಬರುತ್ತೇನೆ, ಬಾಯಿ ತೆರೆದು, "ಹೂಲಾ ಹೂಲಾ ಹೋ!" ಎನ್ನುತ್ತೇನೆ. ಪ್ರವಾಸಿಗರ ಉತ್ಸವ ಅದು. ನಡೆಸುವವರು, "ಕನ್ನಡ ಮಾತಾಡಬೇಡ್ರಿ, ಕಾಡಿನವರ ಥರ ಏನಾದ್ರೂ ಕೂಗ್ರಿ" ಎಂದಿದ್ದರು. ದೊಡ್ಡ ವೇದಿಕೆ ಎಂಬ ಆಸೆಗೆ ನಾವೂ ಹೂಂ ಎಂದಿದ್ದೆವು. ಆವತ್ತು ಮನೆಗೆ ಬಂದರೆ ಅವ್ವ ಅನ್ನ ಬಡಿಸಿದಳು, ಎದುರು ಕೂತಳು, ಒಂದೇ ಮಾತು ಕೇಳಿದಳು: "ಯಾರ ಮಗಳು ಅಂತ ಹೇಳಾಕ, ನಾ ಏನ್ ಸತ್ತಿದ್ನೇನ?" ಇಪ್ಪತ್ತು ವರ್ಷ ದಾಟಿದೆ. ಇವತ್ತಿಗೂ ಅವಳೊಡನೆ ಫೋನಿನಲ್ಲಿ ಮಾತಾಡುವಾಗ ಅದು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಇದೆ.

ಇದಷ್ಟನ್ನೂ ಮಕ್ಕಳ ಎದುರೇ ಹೇಳಿದೆ. "ತಪ್ಪು ನಮ್ಮದೂ ಉಂಟು ಸರ್. ಅದನ್ನೇ ಈ ಮಕ್ಕಳ ಕೈಯಲ್ಲಿ ಮತ್ತೆ ಮಾಡಿಸೋದಾದ್ರೆ ನಾನು ಬರೋದಿಲ್ಲ."

ಕಾರ್ಯದರ್ಶಿ ಡಬ್ಬ ಮುಚ್ಚಿದರು. "ಬೇಜಾರು ಮಾಡ್ಬೇಡಿ ಅಕ್ಕ. ಸೀರೆಯೇ ಉಡಿಸಿ," ಎಂದರು. ಅವರು ನನ್ನನ್ನು ಅಕ್ಕ ಎಂದದ್ದು ಅದೇ ಮೊದಲ ಸಲ.

ಗೆದ್ದೆ ಅನ್ನಬೇಕು. ಆದರೆ ಮಗಳು ಸೆಗಯಾದಲ್ಲಿರುವ ನಮ್ಮ ಮನೆ ಮುಟ್ಟುವವರೆಗೆ ಒಂದು ಮಾತಾಡಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ನನ್ನ ಗಂಡ, "ಬಿಡೇ, ಮಕ್ಕಳು ಮರೀತಾವೆ" ಎಂದು ವ್ಯಾನ್ ಹತ್ತಿ ಡೆಲಿವರಿಗೆ ಹೋದರು. ಅವರಿಗೇನು, ಆ ವಿಡಿಯೋದಲ್ಲಿ ಇದ್ದವಳು ನಾನು ತಾನೇ! ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಅಂಗಡಿಯಲ್ಲಿ ಎರಡು ಸೂಜಿ ಮುರಿದೆ.

ಕಾರ್ಯಕ್ರಮದ ದಿನ ಹಾಲ್‌ನ ಎಸಿಗೆ ಡೋಲಿನ ಚರ್ಮ ತಣ್ಣಗಾಗಿ ಒದ್ದೆ ಬಟ್ಟೆಯ ಹಾಗೆ ಬಡಿಯತೊಡಗಿತು. ಆ ಡೋಲು ಕೊಟ್ಟದ್ದು ನಮ್ಮ ಅಂಗಡಿಗೆ ಬರುವ ಬಹರೈನಿ ಮುದುಕ. ಅವನ ಪೂರ್ವಿಕರೂ ಆಫ್ರಿಕಾದಿಂದ ಬಂದವರೇ, ಮದುವೆಗಳಲ್ಲಿ ಲೀವಾ ಎಂಬ ಅವರ ಕುಣಿತಕ್ಕೆ ಬಾರಿಸುತ್ತಾನೆ. ಕೊಡುವಾಗ ಮುರುಕು ಹಿಂದಿಯಲ್ಲಿ, "ಪೆಹಲೇ ಆಗ್ ದಿಖಾನಾ" ಎಂದಿದ್ದ. ಅದನ್ನು ನನಗೆ ಹೇಳಬೇಕೇ? ನಮ್ಮಲ್ಲೂ ಬೆಂಕಿ ಕಾಣಿಸದೆ ದಮಾಮಿ ಮುಟ್ಟುವುದಿಲ್ಲ. ಪಾರ್ಕಿಂಗಿನಲ್ಲಿ ಹಳೇ ಬಾಣಲೆಯಲ್ಲಿ ಪೇಪರ್ ಉರಿಸಿದೆ. ವಾಚ್‌ಮನ್ ಕೂಗಾಡುತ್ತಾ ಬಂದ. ಮಗಳು ಎಲ್ಲಿಂದಲೋ ಬಂದು ಡೋಲಿನ ಇನ್ನೊಂದು ಕಡೆ ಹಿಡಿದು, ಬೆಂಕಿಯ ಮೇಲೆ ನಿಧಾನ ತಿರುಗಿಸಿದಳು.

ಪರದೆ ಎದ್ದಿತು. ನಾನು ಬಾರಿಸಿದೆ, ಮಕ್ಕಳು ಸುತ್ತಿದರು. ನರ್ಸಮ್ಮನ ಮಗಳು ಕೂಗಿದಳು, ನೀರ್‌ದೋಸೆಯ ಮಗಳು ಕೂಗಿದಳು, ಜನ ಹೋ ಎಂದು ನಕ್ಕರು. ಕೊನೆಗೆ ನನ್ನ ಮಗಳು ನಡುವೆ ಬಂದು ಸುಮ್ಮನೆ ನಿಂತಳು. ನಾನು ಒಂದು ಸುತ್ತು ಬಾರಿಸಿದೆ, ಇನ್ನೊಂದು ಸುತ್ತು ಬಾರಿಸಿದೆ. ಓಡಿಹೋಗುತ್ತಾಳೆ ಎಂದುಕೊಂಡೆ.

"ಎಡದಿಂದ ಮೂರನೆಯವಳ ಮಗಳು!" ಎಂದು ಕೂಗಿದಳು. "ಸಿದ್ದಿ ಮಗಳು!"

ಜನಕ್ಕೆ ಮೊದಲ ಮಾತು ಅರ್ಥವಾಗಲಿಲ್ಲ, ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿ ಕಾರ್ಯದರ್ಶಿ ತಲೆ ತಗ್ಗಿಸಿದರು. ನನ್ನ ತಾಳ ತಪ್ಪಿತು. ಮಗಳು ಬಂದು ನನ್ನ ಕೈಯಿಂದ ಕೋಲು ಕಿತ್ತುಕೊಂಡು, "ಹೋಗಮ್ಮ, ನೀನಿನ್ನೂ ಹೇಳಿಲ್ಲ" ಎಂದಳು.

ನಾನು ನಡುವೆ ಹೋದೆ. "ಕಚೇರಿ ಮೆಟ್ಟಿಲ ಮುಂದೆ ದಮಾಮಿ ಇಟ್ಟವಳ ಮಗಳು!" ಎಂದು ಕೂಗಿದೆ. ದನಿ ಒಡೆದುಹೋಯಿತು, ಹಿಂದಿನ ಸಾಲಿಗೆ ಕೇಳಿಸಿತೋ ಇಲ್ಲವೋ. ಇನ್ನೊಮ್ಮೆ ಕೂಗಿದೆ.