ಟಾವೆಲ್ಲಿನ ಕೆಳಗಿನ ಕಾರು

ಮಂದಿಯ ದನಿ ಕದಿಯುವುದು ನನ್ನ ಚಟ. ಕಾರಿನ ರೇಟು ಯಾಕೆ ಏರುತ್ತದೆ ಎಂಬುದನ್ನೂ ಅಣಕಿಸಿಯೇ ಅರ್ಥ ಮಾಡಿಕೊಳ್ಳಲು ಹೋದೆ. ಕಂಪನಿಯವರು ‘ಸರಕಾರದ ನಿಯಮ’ ಅನ್ನುತ್ತಾರೆ. ಸರಕಾರದವರು ‘ನಿಮ್ಮ ಜೀವದ ಸಲುವಾಗಿ’ ಅನ್ನುತ್ತಾರೆ. ಶೋರೂಮಿನವರು ಕೈ ಜೋಡಿಸಿ ಇಬ್ಬರ ಹೆಸರನ್ನೂ ಹೇಳುತ್ತಾರೆ. ಮೂವರನ್ನೂ ಅಣಕಿಸಿದೆ, ದನಿ ಬದಲಿಸುವ ಪ್ರಸಂಗವೇ ಬರಲಿಲ್ಲ. ಮೂವರೂ ಒಂದೇ ಎಂಬ ನನ್ನ ಸಂಶಯ ಹುಟ್ಟಿದ್ದು ಅಲ್ಲಿ.

ಸಂಗೊಳ್ಳಿಯ ನನ್ನ ಕಾಕಾನಿಗೆ ಸಂಶಯವಲ್ಲ, ಖಾತ್ರಿಯೇ ಇತ್ತು. ಆದರೆ ಕಾಕಿಯ ಮೊಣಕಾಲು ಹಿಡಿದು, ಬೈಕಿನ ಹಿಂದೆ ಹತ್ತುವುದು ನಿಂತಿತ್ತು. ಸವದತ್ತಿಯ ತವರಿಗೆ ಹೋಗದೆ ವರ್ಷವಾಗಿತ್ತು. ಕಾರು ಬರದಿದ್ದರೆ ಆಕೆಯ ತವರು ಮುಗಿದ ಹಾಗೆಯೇ. ಹಾಗಾಗಿ ಮೂವರೂ ಬೈಲಹೊಂಗಲದ ಶೋರೂಮಿಗೆ ಹೋದೆವು.

ದನದ ಸಂತೆಯಲ್ಲಿ ರೇಟನ್ನು ಬಾಯಿಂದ ಹೇಳುವವನು ದಡ್ಡ. ಟಾವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಅಮುಕಿ ವ್ಯಾಪಾರ ಮುಗಿಸಬೇಕು. ಸುತ್ತ ನಿಂತವರಿಗೆ ಸುಳಿವೂ ಸಿಗಬಾರದು. ಎತ್ತು ಕೊಂಡ ಕೈಗೆ ಕಾರು ಯಾವ ಲೆಕ್ಕ? ಟೈ ಕಟ್ಟಿದ ಸೇಲ್ಸ್‌ಮನ್ನನ ಕೈ ಮೇಲೆ ಕಾಕಾ ತನ್ನ ಟಾವೆಲ್ ಹಾಸಿ, ಇಷ್ಟು ಇಳಿಸು ಎಂದು ಎರಡು ಬೆರಳು ಅಮುಕಿದ. ಪಾಪ, ಆತ ಇದೇನೋ ಹಿರಿಯರ ಪ್ರೀತಿ ಎಂದು ತಿಳಿದು ತಾನೂ ತಿರುಗಿ ಅಮುಕಿದ. ವ್ಯಾಪಾರ ಮುಗಿಯಿತೆಂದು ಕಾಕಾ ನನಗೆ ಕಣ್ಣು ಹೊಡೆದ.

ಕಾಗದದ ಮೇಲೆ ಮಾತ್ರ ರೇಟು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಆರು ಏರ್‌ಬ್ಯಾಗ್ ಇವೆಯಲ್ಲ, ಅದಕ್ಕೆ ಎಂದ ಸೇಲ್ಸ್‌ಮನ್.

“ನಮಗ ಎರಡ ಸಾಕು, ನಾಕು ತಗದ ಇಟ್ಕೋರಿ,” ಅಂದ ಕಾಕಾ. ತೆಗೆಯಲು ಬರುವುದಿಲ್ಲ ಎಂದಾಗ ನನ್ನತ್ತ ತಿರುಗಿದ. “ನೋಡಲೇ, ಸರಕಾರ, ಕಂಪನಿ ಕೂಡಿ ಮೊದಲ ಟಾವೆಲ್ ಕೆಳಗ ಬೆರಳ ಹಿಡಕೊಂಡು ರೇಟ್ ಮುಗಿಸ್ಯಾವ. ನಾವು ಸುತ್ತ ನಿಂತ ಮಂದಿ. ನಡೀರಿ ಮನಿಗೆ.”

ಅರ್ಥಶಾಸ್ತ್ರದ ಪರೀಕ್ಷೆಗೆ ಎರಡು ಸಲ ಕೂತ ನನಗೆ ಇದಕ್ಕಿಂತ ಚಲೋ ವಿವರಣೆ ಇನ್ನೂ ಸಿಕ್ಕಿಲ್ಲ.

ಕಾಕಿ ಏಳಲಿಲ್ಲ. ಉಳಿದ ನಾಲ್ಕು ಗಾಳಿ ಚೀಲ ಯಾರಿಗೆ ಎಂದು ಕೇಳಿದಳು. ಬದಿಗೆ ಬರುತ್ತವೆ, ಹಿಂದೆ ಕೂತವರಿಗೂ ಎಂದ ಸೇಲ್ಸ್‌ಮನ್.

“ಬೈಕಿನ ಹಿಂದ ಕುಂತೆ, ಟ್ರ್ಯಾಕ್ಟರ್ ಹಿಂದ ಕುಂತೆ,” ಅಂದಳು ಕಾಕಿ ಮೆಲ್ಲಗೆ. “ಹಿಂದ ಒಬ್ಬಾಕಿ ಕುಂತಾಳ ಅಂತ ಈಗರೆ ಯಾರಿಗೋ ನೆನಪಾಗೇತಿ. ಅವರು ಕಳ್ಳರ ಇರಲಿ ಬಿಡ್ರಿ.”

ಕಾಕಾ ಟಾವೆಲ್ ಮಡಚಿ ಹೆಗಲಿಗೆ ಹಾಕಿಕೊಂಡು, ಸಹಿ ಮಾಡಿದ.

ಈಗ ಗಾಡಿ ಓಡಿಸುವವನು ನಾನು. ಸವದತ್ತಿಗೆ ಹೊರಟರೆ ಕಾಕಾ ನನ್ನ ಪಕ್ಕ ಕೂರುವುದಿಲ್ಲ. ಅಷ್ಟು ರೊಕ್ಕ ಸುರಿದ ಮೇಲೆ ಹಿಂದಿನ ಚೀಲಗಳನ್ನು ಖಾಲಿ ಬಿಡಬಾರದಂತೆ. ಕಾಕಿಗೆ ಒತ್ತಿ ಕೂತಿರುತ್ತಾನೆ. ಹೆಂಡತಿಯ ಬಾಜೂ ಕೂರಲು ನಮ್ಮ ಕಡೆಯ ಗಂಡಸಿಗೆ ಒಂದು ನೆವ ಬೇಕು. ಅದನ್ನೂ ಎಷ್ಟು ತುಟ್ಟಿ ಮಾಡಿಟ್ಟಿದ್ದಾರೆ, ನೋಡಿ.